ಬೇಕರಿಗೆ ಫ್ರೆಂಚ್, ಬಾಗಿಲಿಗೆ ಲಕ್ಸೆಂಬರ್ಗಿಶ್

ಲಕ್ಸೆಂಬರ್ಗಿಗೆ ಬರುವ ಮೊದಲು ಬೆಂಗಳೂರಿನಲ್ಲಿ ಆರು ತಿಂಗಳು ಜರ್ಮನ್ ಕಲಿತಿದ್ದೆ. ಬಂದ ಮೂರನೇ ದಿನ ಬೇಕರಿಗೆ ಹೋಗಿ, ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡು, ಜರ್ಮನ್‌ನಲ್ಲಿ ನಾಲ್ಕು ಬನ್ ಕೇಳಿದೆ. ಕೌಂಟರಿನ ಹುಡುಗಿ ಫ್ರೆಂಚ್‌ನಲ್ಲಿ ಏನೋ ಅಂದಳು. ನಾನು ಇಂಗ್ಲಿಷಿಗೆ ಇಳಿದೆ, ಅವಳು ಕೈ ಆಡಿಸಿದಳು. ಕಡೆಗೆ ಬೆರಳು ತೋರಿಸಿಯೇ ಬನ್ ತಂದದ್ದಾಯಿತು. ಅವಳ ಮನೆ ಇರುವುದು ಗಡಿಯಾಚೆ ಫ್ರಾನ್ಸಿನಲ್ಲಿ ಎಂದು ಆಮೇಲೆ ಗೊತ್ತಾಯಿತು. ಅವಳಂತೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ದಿನಾ ಕೆಲಸಕ್ಕೆ ಬಂದು ಹೋಗುವವರು ಎರಡು ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆಯೇ ಏಳು ಲಕ್ಷದೊಳಗೆ, ಅದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ವಿದೇಶಿಯರು. ವಿಸ್ತೀರ್ಣ 2,586 ಚದರ ಕಿ.ಮೀ., ನಮ್ಮ ಉಡುಪಿ ಜಿಲ್ಲೆಗಿಂತ ಚಿಕ್ಕದು.

"ಅಲ್ಲಿ ಯಾವ ಭಾಷೆ ಮಾರಾಯ್ತಿ?" ಎಂದು ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಇಲ್ಲಿನ ಸ್ವಂತ ನುಡಿ ಲಕ್ಸೆಂಬರ್ಗಿಶ್, ಜೊತೆಗೆ ಫ್ರೆಂಚ್, ಜರ್ಮನ್, ಹೀಗೆ ಮೂರು ಭಾಷೆ ಎಂದರೆ ಯಾವುದಾದರೂ ಒಂದು ಬಂದರೆ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಬಂದವಳು. 1984ರ ಭಾಷಾ ಕಾನೂನು ಲಕ್ಸೆಂಬರ್ಗಿಶ್ ಅನ್ನು ರಾಷ್ಟ್ರಭಾಷೆ ಎಂದಿತು. ಆದರೆ ಕಾನೂನು ಬರೆಯುವುದು ಮಾತ್ರ ಫ್ರೆಂಚ್‌ನಲ್ಲೇ. ಸಂಸತ್ತಿನಲ್ಲಿ ಜಗಳ ಲಕ್ಸೆಂಬರ್ಗಿಶ್‌ನಲ್ಲಿ, ಪಾಸಾದ ಮಸೂದೆ ಫ್ರೆಂಚ್‌ನಲ್ಲಿ, ಮರುದಿನ ಅದರ ಸುದ್ದಿ ಓದಲು ಪೇಪರ್ ಬಿಡಿಸಿದರೆ ಬಹುಪಾಲು ಜರ್ಮನ್. ಮನೆ ಬಾಡಿಗೆಯ ಕರಾರು, ರೆಸ್ಟೋರೆಂಟಿನ ಮೆನು, ಅಂಗಡಿಯ ಮಾತು ಎಲ್ಲ ಫ್ರೆಂಚ್. ಆಫೀಸಿನಲ್ಲಿ, ಅದರಲ್ಲೂ ಬ್ಯಾಂಕು-ಐಟಿಯವರಿಗೆ, ಇಂಗ್ಲಿಷ್. ನೆರೆಮನೆಯ ಅಜ್ಜಿಗೆ ಮಾತ್ರ ಲಕ್ಸೆಂಬರ್ಗಿಶ್. ಕಟ್ಟಡ ಕಟ್ಟುವ ಜಾಗದಲ್ಲಿ ಕಿವಿಗೆ ಬೀಳುವುದು ಪೋರ್ಚುಗೀಸ್, ಏಕೆಂದರೆ ಇಲ್ಲಿನ ಅತಿ ದೊಡ್ಡ ವಿದೇಶಿ ಸಮುದಾಯ ಅವರದು.

ಮಂಗಳೂರು ಕಡೆಯವರಿಗೆ ಇದು ಹೊಸದೇನಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಜವಳಿ ಅಂಗಡಿಯಲ್ಲಿ ಕೊಂಕಣಿ, ಮೀನು ಮಾರ್ಕೆಟ್ಟಿನಲ್ಲಿ ಬ್ಯಾರಿ ಕೇಳುತ್ತಾ ಬೆಳೆದ ನಮಗೆ, ಎದುರಿಗಿರುವವರ ಮುಖ ನೋಡಿ ನಾಲಗೆ ತಿರುಗಿಸುವುದು ಅಭ್ಯಾಸ. ಆದರೆ ಊರಲ್ಲಿ ಯಾರಿಗೆ ಯಾವುದು ಎಂದು ಹೇಳಿಕೊಡದೆಯೇ ಗೊತ್ತಿತ್ತು. ಇಲ್ಲಿ ನಲವತ್ತರ ಹೊಸ್ತಿಲಲ್ಲಿ ಕುಳಿತು ಅದನ್ನು ಒಂದನೇ ಕ್ಲಾಸಿನಿಂದ ಕಲಿಯಬೇಕು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಬಂದ ಮೂರು ಕೆಲಸದ ದಿನಗಳೊಳಗೆ ಕಮ್ಯೂನ್‌ಗೆ, ಅಂದರೆ ನಮ್ಮ ಪುರಸಭೆಯಂಥ ಕಚೇರಿಗೆ, ಹೋಗಿ ಹೆಸರು ಬರೆಸಬೇಕು. ಆಮೇಲೆ ವೈದ್ಯಕೀಯ ತಪಾಸಣೆ, ಕ್ಷಯದ ಪರೀಕ್ಷೆ. ವಾಸದ ಪರವಾನಗಿಗೆ ಅರ್ಜಿ ಮೂರು ತಿಂಗಳೊಳಗೆ. ಮದುವೆ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳಿಗೆ ಊರಲ್ಲೇ ಅಪೋಸ್ಟಿಲ್, ಅಂದರೆ ವಿದೇಶದಲ್ಲಿ ಒಪ್ಪುವ ಸರಕಾರಿ ದೃಢೀಕರಣದ ಮುದ್ರೆ, ಮಾಡಿಸಿಕೊಂಡು ಬನ್ನಿ. ನಾವು ಒಂದನ್ನು ಬಿಟ್ಟು ಬಂದು, ಅದಕ್ಕಾಗಿ ಅಪ್ಪ ಎರಡು ಸಲ ಬೆಂಗಳೂರಿಗೆ ಬಸ್ಸು ಹತ್ತಿದರು. ಬಾಡಿಗೆ ಎದೆ ನಡುಗಿಸುತ್ತದೆ. ಗಡಿಯಾಚೆ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಿ ಹೊರಡಬೇಡಿ. ಅದು ಯುರೋಪಿನ ಪಾಸ್‌ಪೋರ್ಟ್ ಇದ್ದವರ ಲೆಕ್ಕ. ನಮ್ಮ ವಾಸದ ಪರವಾನಗಿಯ ಕಾರ್ಡಿನಲ್ಲಿ ಫ್ರಾನ್ಸಿಗೆ ತಿರುಗಾಟಕ್ಕೆ ಹೋಗಬಹುದು, ಮನೆ ಮಾಡುವಂತಿಲ್ಲ. ಸಮಾಧಾನ ಒಂದೇ: 2020ರಿಂದ ದೇಶದೊಳಗೆ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಪುಕ್ಕಟೆ. ಟಿಕೆಟ್ ಇಲ್ಲದೆ ರೈಲು ಹತ್ತುವಾಗ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಕಸಿವಿಸಿ.

ಮಕ್ಕಳಿದ್ದವರು ಮಾತ್ರ ಮೊದಲೇ ಕುಳಿತು ಯೋಚಿಸಬೇಕು. ನಾಲ್ಕು ವರ್ಷಕ್ಕೆ ಶಾಲೆ ಕಡ್ಡಾಯ, ಅಲ್ಲಿ ಆಡುವುದು ಲಕ್ಸೆಂಬರ್ಗಿಶ್. ಆರಕ್ಕೆ ಅಕ್ಷರ ಕಲಿಸುವುದು ವಾಡಿಕೆಯಂತೆ ಜರ್ಮನ್‌ನಲ್ಲಿ, ಬೆನ್ನಿಗೇ ಫ್ರೆಂಚ್. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡದ 'ಅ ಆ' ತಿದ್ದಿದ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ತೀರ್ಥಹಳ್ಳಿಯ ಕನ್ನಡದಲ್ಲೇ ಬೆಳೆದ ನನ್ನ ಗಂಡನಿಗೆ ಭಯ. ಮಗು ಚಿಕ್ಕದಿದ್ದರೆ ಇಲ್ಲಿನ ಮಾಮೂಲಿ ಸರಕಾರಿ ಶಾಲೆಗೇ ಹಾಕಿ ಎಂಬುದು ನನ್ನ ಅಭಿಪ್ರಾಯ. ಹತ್ತು-ಹನ್ನೆರಡು ದಾಟಿದ್ದರೆ ಹಟ ಬೇಡ. 2016ರಿಂದ ಇಂಗ್ಲಿಷ್ ವಿಭಾಗವಿರುವ ಸರಕಾರಿ ಅಂತರರಾಷ್ಟ್ರೀಯ ಶಾಲೆಗಳು ಬಂದಿವೆ, ಶುಲ್ಕವೂ ಇಲ್ಲ.

ದೊಡ್ಡವರು ಯಾವುದನ್ನು ಕಲಿಯಬೇಕು? ಮೊದಲ ವರ್ಷ ಫ್ರೆಂಚ್, ಕಣ್ಣು ಮುಚ್ಚಿ. ಡಾಕ್ಟರು, ಪ್ಲಂಬರು, ತರಕಾರಿ, ಎಲ್ಲ ಅದರಲ್ಲೇ ನಡೆಯುತ್ತದೆ. ಇಂಗ್ಲಿಷ್ ಒಂದರಲ್ಲೇ ಹತ್ತು ವರ್ಷ ಕಳೆದವರೂ ಇದ್ದಾರೆ, ಅವರನ್ನು ನೋಡಿದರೆ ಲಾಡ್ಜಿನಲ್ಲಿ ಉಳಿದವರಂತೆ ಕಾಣುತ್ತಾರೆ. ಪೌರತ್ವದ ಯೋಚನೆ ಇದ್ದರೆ ಐದು ವರ್ಷದ ವಾಸ ಮತ್ತು ಲಕ್ಸೆಂಬರ್ಗಿಶ್ ಪರೀಕ್ಷೆ, ಮಾತಿಗೆ ಎ2 ಮಟ್ಟ (ಯುರೋಪಿನ ಭಾಷಾ ಅಳತೆಯಲ್ಲಿ ಕೆಳಗಿನಿಂದ ಎರಡನೇ ಮೆಟ್ಟಿಲು), ಕೇಳಿ ಅರ್ಥಮಾಡಿಕೊಳ್ಳಲು ಅದರ ಮೇಲಿನ ಬಿ1. ಈ ಭಾಷೆ ಕಲಿಯಲೆಂದೇ ಕೆಲಸದವರಿಗೆ ಒಟ್ಟು 200 ಗಂಟೆ ರಜೆ ಸಿಗುತ್ತದೆ ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅರ್ಜಿ ಹಾಕಿ, ಕೇಳಿ ಪಡೆಯಿರಿ.

ಆ ಭಾಷೆ ನನ್ನ ಮನೆಗೆ ಬಂದದ್ದು ಬಾಗಿಲು ತಟ್ಟಿಕೊಂಡು. ಮೊದಲ ವರ್ಷ, ಫೆಬ್ರವರಿ 2ರ ಸಂಜೆ, ಲಾಟೀನು ಹಿಡಿದ ಐದಾರು ಮಕ್ಕಳು ಬಾಗಿಲಲ್ಲಿ ನಿಂತು ಹಾಡತೊಡಗಿದರು. ಲೀಷ್ಟ್‌ಮೆಸ್ ಹಬ್ಬ, ಹಾಡಿದವರಿಗೆ ಸಿಹಿ ಕೊಡಬೇಕು ಎಂದು ನಮಗೆ ಗೊತ್ತಿಲ್ಲ. "ಇದು ನಮ್ಮ ಅಂಟಿಗೆ-ಪಂಟಿಗೆಯಲ್ವೇನೇ!" ಎಂದ ನನ್ನ ಗಂಡ. ದೀಪಾವಳಿಯಲ್ಲಿ ಮಲೆನಾಡಿನವರು ಮನೆಮನೆಗೆ ದೀಪ ಒಯ್ದು ಹಾಡುವುದು ನೆನಪಾಗಿ ಅವನ ಕಣ್ಣು ಒದ್ದೆ. ಒಳಗೆ ಓಡಿ ನೋಡಿದರೆ ಡಬ್ಬಿಯಲ್ಲಿ ಇದ್ದದ್ದು ಶೇಂಗಾ ಚಿಕ್ಕಿ. ತಗೊಂಡ ಮಕ್ಕಳು ಹೋಗುತ್ತಾ ಒಕ್ಕೊರಲಿನಲ್ಲಿ "ಎಡ್ಡಿ!" ಅಂದವು. ಇಲ್ಲಿ ಅದು 'ಹೋಗಿ ಬರ್ತೇವೆ'. ನನ್ನ ಕಿವಿಗೆ ಕೇಳಿಸಿದ್ದು ತುಳುವಿನ 'ಎಡ್ಡೆ', ಅಂದರೆ 'ಒಳ್ಳೆಯದು'.

ಈಗ ನಮ್ಮ ಮಗಳೂ ಲಾಟೀನು ಹಿಡಿದು ಆ ಗುಂಪಿನಲ್ಲಿ ಹೋಗುತ್ತಾಳೆ. ಭಾನುವಾರ ಪುತ್ತೂರಿಗೆ ವಿಡಿಯೋ ಕಾಲ್ ಮುಗಿಸುವಾಗ ಅವಳು ಅಜ್ಜಿಗೆ "ಎಡ್ಡಿ" ಅನ್ನುತ್ತಾಳೆ. ಅಮ್ಮ ಆ ಕಡೆಯಿಂದ, "ಎಡ್ಡೆ, ಎಡ್ಡೆ" ಎಂದು ಫೋನ್ ಇಡುತ್ತಾರೆ. ಇಬ್ಬರನ್ನೂ ನಾನು ತಿದ್ದಲು ಹೋಗಿಲ್ಲ.