ಫೋಟೋಶಾಪ್ ಕೆಟ್ಟಿಲ್ಲ, ಸ್ವಲ್ಪ ತಾಳಿ

ದಾವಣಗೆರೆಯಲ್ಲಿ ಮನೆಯಲ್ಲೇ ಕುಳಿತು ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಜಾತ್ರೆಯ ಫ್ಲೆಕ್ಸು ವಿನ್ಯಾಸ ಮಾಡಿಕೊಡುವವರಿದ್ದಾರೆ. ಅವರ ಕಂಪ್ಯೂಟರ್‌ಗಳನ್ನು ಸರಿಪಡಿಸುವುದು ನನ್ನ ಕಸುಬು. ಫೋನ್ ಎತ್ತಿದರೆ ಸಾಮಾನ್ಯವಾಗಿ ಒಂದೇ ರಾಗ: "ಫೋಟೋಶಾಪ್ ಕೆಟ್ಟಿದೆ ಅಣ್ಣಾ, ಬಂದು ಒಂದು ಸಲ ಫಾರ್ಮ್ಯಾಟ್ ಮಾಡಿಕೊಡಿ." ನೆಗಡಿಗೆ ಮೂಗು ಕೊಯ್ಯುವ ಈ ಮದ್ದನ್ನು ಯಾರು ಹೇಳಿಕೊಟ್ಟರೋ! ನಾನು ಕೇಳುವುದು ಒಂದೇ: ಬೇರೆ ಫೈಲ್ ತೆರೆದರೂ ಹೀಗೇ ಆಗುತ್ತದೆಯೇ? ಅರ್ಧ ರೋಗ ಅಲ್ಲೇ ಸಿಗುತ್ತದೆ. ಒಂದು ಫೈಲಿನಲ್ಲಿ ಮಾತ್ರ ತೊಂದರೆಯಿದ್ದರೆ ತಪ್ಪು ಬಹುಮಟ್ಟಿಗೆ ಆ ಫೈಲಿನದು. ಅದಕ್ಕಾಗಿ ಇಡೀ ಕಂಪ್ಯೂಟರನ್ನು ಅಳಿಸುವುದೇಕೆ?

ಕೆಲವು ದೂರುಗಳಲ್ಲಿ ಏನೂ ಕೆಟ್ಟೇ ಇರುವುದಿಲ್ಲ. ಬ್ರಷ್‌ನ ವೃತ್ತ ಮಾಯವಾಗಿ ಸಣ್ಣ ಕೂಡುಗುರುತು ಉಳಿದಿದ್ದರೆ ಕ್ಯಾಪ್ಸ್ ಲಾಕ್ ಒತ್ತಿದೆ ಎಂದರ್ಥ. ಎಡಬಲದ ಪಟ್ಟಿಗಳೆಲ್ಲ ಮಾಯವಾಗಿದ್ದರೆ ಯಾರದೋ ಬೆರಳು ಟ್ಯಾಬ್ ಕೀಲಿಗೆ ತಗುಲಿದೆ. ಬ್ರಷ್ ಎಳೆದರೂ ಬಣ್ಣ ಕೂರದಿದ್ದರೆ ಎಲ್ಲೋ ಮೂಲೆಯಲ್ಲಿ ಒಂದು ಸೆಲೆಕ್ಷನ್ (ಆಯ್ದ ಭಾಗ) ಉಳಿದಿರುತ್ತದೆ; ಅದರ ಓಡುವ ಚುಕ್ಕೆಗೆರೆಯನ್ನು ಕಂಟ್ರೋಲ್-ಎಚ್ ಅಡಗಿಸಿರುತ್ತದೆ. ಕಂಟ್ರೋಲ್-ಡಿ ಒತ್ತಿದರೆ ಮುಗಿಯಿತು. ಇಷ್ಟಕ್ಕೆ ದುಡ್ಡು ಕೇಳಲು ನನಗೇ ಮುಜುಗರ, ಆದರೂ ಪೆಟ್ರೋಲ್ ಖರ್ಚು ಕೇಳುತ್ತೇನೆ.

ನಿಜವಾದ ತಲೆನೋವು ಫ್ಲೆಕ್ಸಿನದು. ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಫ್ಲೆಕ್ಸು ಬೇಕೆಂದು ಯಾರೋ ಕೇಳುತ್ತಾರೆ. ಮದುವೆ ಕಾರ್ಡಿನ ಅಭ್ಯಾಸದಂತೆ ವಿನ್ಯಾಸ ಮಾಡುವ ಹುಡುಗ 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆ ಎಂದೇ ಪುಟ ತೆರೆಯುತ್ತಾನೆ. ಲೆಕ್ಕ ಹಾಕಿ ನೋಡಿ: 120 ಅಂಗುಲವನ್ನು 300ರಿಂದ ಗುಣಿಸಿದರೆ ಅಗಲವೇ 36,000 ಪಿಕ್ಸೆಲ್, ಎತ್ತರ 21,600. ಒಟ್ಟು 77 ಕೋಟಿಗೂ ಹೆಚ್ಚು ಪಿಕ್ಸೆಲ್. ಮುದ್ರಣದ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬೈಟ್. ಹಿನ್ನೆಲೆಯ ಒಂದು ಪದರವೇ ಸುಮಾರು ಮೂರು ಜಿಬಿ. ಅದರ ಮೇಲೆ ಮುಖಂಡರ ಸಾಲು ಸಾಲು ಭಾವಚಿತ್ರಗಳು, ಒಂದೊಂದಕ್ಕೂ ಒಂದೊಂದು ಪದರ! ಎಂಟು ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ. ಸಾಲದ್ದಕ್ಕೆ ಫೋಟೋಶಾಪಿನ ಸಾಮಾನ್ಯ ಪಿಎಸ್‌ಡಿ ಫೈಲಿಗೆ ಒಂದು ಬದಿಗೆ 30,000 ಪಿಕ್ಸೆಲ್, ಗಾತ್ರದಲ್ಲಿ ಎರಡು ಜಿಬಿಯ ಮಿತಿಯಿದೆ. ಆ ಹುಡುಗ ಉಳಿಸಲು ಹೋದಾಗಲೇ ಅದು ತಿಳಿಯುವುದು. ಕಂಬದ ಮೇಲೆ ಕಟ್ಟುವ ಫ್ಲೆಕ್ಸನ್ನು ಯಾರೂ ಕಣ್ಣಿಗೆ ಹಿಡಿದು ನೋಡುವುದಿಲ್ಲ, 72 ಡಿಪಿಐ ಸಾಕು. ಅದೇ ಪುಟ ಆಗ 180 ಎಂಬಿಯ ಒಳಗೇ ಬರುತ್ತದೆ.

ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಡಿಸ್ಕಿನಲ್ಲಿ ಜಾಗ ಎರವಲು ಪಡೆಯುತ್ತದೆ. ಆಗ ಸಿ ಡ್ರೈವ್ ತುಂಬಿದ್ದರೆ "ಸ್ಕ್ರ್ಯಾಚ್ ಡಿಸ್ಕ್ ಫುಲ್" ಎಂಬ ಸಂದೇಶ ಬರುತ್ತದೆ. ಮದುವೆಯ ವಿಡಿಯೊಗಳನ್ನೆಲ್ಲ ಡೆಸ್ಕ್‌ಟಾಪ್‌ನಲ್ಲೇ ಸುರಿದಿಟ್ಟವರ ಮನೆಯಲ್ಲಿ ಇದು ತಪ್ಪಿದ್ದಲ್ಲ. ಫೋಟೋಶಾಪ್ ನಡುವೆ ಕುಸಿದಾಗ ಅದರ ತಾತ್ಕಾಲಿಕ ಫೈಲುಗಳು ಟೆಂಪ್ ಫೋಲ್ಡರಿನಲ್ಲೇ ಕೊಳೆಯುತ್ತಿರುತ್ತವೆ. ಫೋಟೋಶಾಪ್ ಮುಚ್ಚಿ ಅವನ್ನು ಅಳಿಸಿದರೆ ಎಷ್ಟೋ ಜಿಬಿ ಸಲೀಸಾಗಿ ಬಿಡುಗಡೆಯಾಗುತ್ತದೆ.

"ಕನ್ನಡ ಬರುತ್ತಿಲ್ಲ ಸರ್" ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ರೋಗಗಳಿವೆ. ಒಂದನ್ನು ಇನ್ನೊಂದೆಂದು ತಿಳಿದು ಮದ್ದು ಕೊಡುವವರೇ ಹೆಚ್ಚು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಲಗ್ನಪತ್ರಿಕೆಯ ತುಂಬ ಕೊಂಬು ಬಾಲದ ರೋಮನ್ ಅಕ್ಷರಗಳು ಕುಣಿಯುತ್ತವೆ. ಫಾಂಟು ಹಾಕಿದರೆ ಸರಿಹೋಗುತ್ತದೆ. ಅಕ್ಷರಗಳು ಕನ್ನಡವೇ ಆಗಿದ್ದು ಒತ್ತಕ್ಷರ ಮಾತ್ರ ಒಡೆದು, "ಲಕ್ಷ್ಮೀ" ಬಿಡಿಬಿಡಿಯಾಗಿ ನಿಂತಿದ್ದರೆ ಅದು ಯೂನಿಕೋಡ್ ಪಠ್ಯ. ಅಲ್ಲಿ ಎಷ್ಟು ಫಾಂಟು ಹಾಕಿದರೂ ಪ್ರಯೋಜನವಿಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಇರುವ ಫೋಟೋಶಾಪ್ ಆವೃತ್ತಿಗಳಲ್ಲಿ ಅದನ್ನು ಆಯ್ಕೆ ಮಾಡಿದರೆ ಒತ್ತುಗಳು ಕೆಳಗೆ ಹೋಗಿ ಕೂರುತ್ತವೆ. ವಿನ್ಯಾಸದ ಇನ್ನೊಂದು ತಂತ್ರಾಂಶವಾದ ಕೋರೆಲ್‌ಡ್ರಾದಿಂದ ಪ್ರೆಸ್ಸಿಗೆ ಕಳುಹಿಸುವವರು ಕಂಟ್ರೋಲ್-ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ ಮಾಡಿಯೇ, ಅಂದರೆ ಫಾಂಟು ಬೇಡದ ಆಕಾರಗಳಾಗಿಸಿಯೇ ಕಳುಹಿಸಲಿ, ತಿದ್ದಲು ಬರುವ ಮೂಲ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡು. ವರನ ಹೆಸರು ತಪ್ಪಾಗಿದೆ ಎಂಬ ಕರೆ ಯಾವಾಗಲೂ ಆಮೇಲೆಯೇ ಬರುತ್ತದೆ.

ಚಿತ್ರದ ಜಾಗ ಕಪ್ಪಾಗುವುದು, ಜೂಮ್ ಮಾಡಿದರೆ ಮಿನುಗುವುದು, ವಿಂಡೋಸ್ ಹೊಸದಾದ ಮರುದಿನದಿಂದ ಶುರುವಾಗುವ ವಿಚಿತ್ರಗಳು, ಇವು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನ ಕಡೆಯವು. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆಯ ಗುರುತು ತೆಗೆದು, ಫೋಟೋಶಾಪನ್ನು ಮುಚ್ಚಿ ತೆರೆಯಿರಿ. ತೊಂದರೆ ನಿಂತರೆ ಡ್ರೈವರ್ ಬದಲಿಸಿ, ಗುರುತನ್ನು ಮತ್ತೆ ಹಾಕಿ. ಪರದೆಯ ಮೇಲೆ ಹೊಳೆದ ನೀಲಿ ಮುದ್ರಣದಲ್ಲಿ ಮಂಕಾಗಿದ್ದರೆ ಮಾತ್ರ ನನ್ನನ್ನು ಕರೆಯಬೇಡಿ; ಬೆಳಕಿನ ಎಲ್ಲ ಬಣ್ಣಗಳೂ ಶಾಯಿಗೆ ದಕ್ಕುವುದಿಲ್ಲ.

ಇದ್ಯಾವುದೂ ಅಲ್ಲದಿದ್ದರೆ ಸೆಟ್ಟಿಂಗ್‌ಗಳನ್ನು ಮೊದಲ ಸ್ಥಿತಿಗೆ ತನ್ನಿ. ಫೋಟೋಶಾಪ್ ತೆರೆದ ಕ್ಷಣವೇ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಕೋರೆಲ್‌ಡ್ರಾಗೆ ಎಫ್8 ಸಾಕು. ಅದಕ್ಕೂ ಬಗ್ಗದೆ ಫಾರ್ಮ್ಯಾಟ್ ಮಾಡಲೇಬೇಕಾದ ಕಂಪ್ಯೂಟರ್‌ಗಳೂ ಸಿಗುತ್ತವೆ. ಆಗ ನಾನು ಮೊದಲು ನಕಲು ಮಾಡಿಟ್ಟುಕೊಳ್ಳುವುದು ಫಾಂಟುಗಳನ್ನು, ಆಮೇಲೆ ಬ್ರಷ್‌ಗಳನ್ನು. ಡಿಸೈನುಗಳನ್ನು ಅವರೇ ಪೆನ್‌ಡ್ರೈವಿಗೆ ಹಾಕಿಕೊಂಡಿರುತ್ತಾರೆ, ಫಾಂಟು ಮಾತ್ರ ಯಾರಿಗೂ ನೆನಪಾಗುವುದಿಲ್ಲ.