ಸೊಂಟ ತಿರುಗಿಸುವ ಮೊದಲು ಕೇಳಲೇಬೇಕಾದ ಮಾತು

"ಒಂದ್ಸಲ ಲಟಕ್ ಅನ್ನಿಸಿಬಿಡಿ ಮೇಡಂ." ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು ಅಂತ ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಸುಮಾರು ಜನ ಈಗ ಕೇಳುವುದು ಇದನ್ನೇ. ಮೊಬೈಲಿನಲ್ಲಿ ವಿಡಿಯೋ ನೋಡಿರುತ್ತಾರೆ. ಯಾರನ್ನೋ ಮಗ್ಗುಲಿಗೆ ಮಲಗಿಸಿ, ಭುಜ ಒಂದು ಕಡೆ, ಸೊಂಟ ಇನ್ನೊಂದು ಕಡೆ ತಿರುಗಿಸುತ್ತಾರೆ, ಸದ್ದು ಬರುತ್ತದೆ, ಆ ಮನುಷ್ಯ ಎದ್ದು ಸಲೀಸಾಗಿ ನಡೆದುಬಿಡುತ್ತಾನೆ. ನಮ್ಮ ಬೋರ್ಡಿನ ಮೇಲೂ ಆಸ್ಟಿಯೋಪತಿ (ಕೀಲು, ಸ್ನಾಯುಗಳಿಗೆ ಕೈಯಿಂದಲೇ ಮಾಡುವ ಚಿಕಿತ್ಸೆ) ಅಂತ ದೊಡ್ಡದಾಗಿ ಬರೆದಿದೆ. ಜನ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಆಸ್ಟಿಯೋಪತಿಯ ಕೈಚಿಕಿತ್ಸೆಯನ್ನು ಆಮೇಲೆ ಕೋರ್ಸ್ ಮಾಡಿ ಕಲಿತೆ. ಆಂಡ್ರೂ ಟೇಲರ್ ಸ್ಟಿಲ್ 1892ರಲ್ಲಿ ಅಮೆರಿಕದ ಕರ್ಕ್ಸ್‌ವಿಲ್ ಊರಿನಲ್ಲಿ ಇದರ ಮೊದಲ ಶಾಲೆ ತೆರೆದ. ಅಲ್ಲಿ ಇವತ್ತು ಇದನ್ನು ಓದಿದವರು ಪೂರ್ತಿ ಡಾಕ್ಟರುಗಳು. ಮಾತ್ರೆ ಬರೆಯುತ್ತಾರೆ, ಆಪರೇಷನ್ನೂ ಮಾಡುತ್ತಾರೆ. ನನಗೆ ಆ ಅಧಿಕಾರ ಇಲ್ಲ. ಯಾರನ್ನಾದರೂ ತುರ್ತಾಗಿ ಅಡ್ಮಿಟ್ ಮಾಡಿಸಬೇಕಾದರೆ ಫೋನ್ ಹಿಡಿದು ಇನ್ನೊಬ್ಬರನ್ನು ಒಪ್ಪಿಸಬೇಕು. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಅಡಿಕೆ ಕೊಯ್ಲು ಶುರುವಾಗಿದ್ದ ಸಮಯ. ತೀರ್ಥಹಳ್ಳಿ ಕಡೆಯ ಒಬ್ಬ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು, ಬಂದರು, ನಲವತ್ತರ ಆಸುಪಾಸು. ಜೊತೆಗೆ ಹೆಂಡತಿ, ಕಾರು ಮಾಡಿಕೊಂಡು ಕರೆತಂದ ತೋಟದ ಯಜಮಾನರು. ಎಡಗಾಲು ಕುಂಡಿಯಿಂದ ಪಾದದ ತನಕ ಸೆಳೆತ. ಊರಲ್ಲಿ ಎಣ್ಣೆ ನೀವಿಸಿದ್ದಾಗಿತ್ತು. ಕಾಲು ಮುಂದಾಗಿ ಹುಟ್ಟಿದವರೊಬ್ಬರ ಕೈಲಿ ಸೊಂಟ ತುಳಿಸಿದ್ದೂ ಆಗಿತ್ತು. ನಾನು ನೋಡುವ ಮೊದಲೇ ರಿಸೆಪ್ಷನ್ನಿನಲ್ಲಿ ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಿಸಿಕೊಂಡಿದ್ದರು.

ಎಸ್‌ಎಲ್‌ಆರ್ (ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ನೋಡುವ ಪರೀಕ್ಷೆ) ಮೂವತ್ತು ಡಿಗ್ರಿಗೇ ನಿಂತಿತು. ಬಲಗಾಲು ಎತ್ತಿದರೂ ಎಡಗಾಲಿಗೆ ಸೆಳೆತ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಅಂದರೆ ನನ್ನ ಒಂದು ಬೆರಳಿನ ಒತ್ತಡಕ್ಕೇ ಬಗ್ಗಿಹೋಗುತ್ತಿತ್ತು. ಎಲ್5, ಅಂದರೆ ಸೊಂಟದ ಐದನೇ ನರ ಅಂತ ಮನಸ್ಸಿನಲ್ಲೇ ಬರೆದುಕೊಂಡೆ. ಇಂಥವರನ್ನು ದಿನಾ ನೋಡುತ್ತೇವೆ. ಪಿರಿಫಾರ್ಮಿಸ್ ಅನ್ನುವ ಕುಂಡಿಯ ಸ್ನಾಯುವಿಗೆ ಎಂಇಟಿ (ತಳ್ಳಿಸಿ, ಬಿಡಿಸಿ ಸ್ನಾಯು ಸಡಿಲಿಸುವ ವಿಧಾನ), ನೋವಿನ ಮಗ್ಗುಲು ಮೇಲೆ ಮಾಡಿ ಮೆಲ್ಲಗೆ ಗ್ಯಾಪಿಂಗ್ (ಕೀಲಿನ ಸಂದು ಅಗಲಿಸುವುದು), ಮನೆಗೆ ನರ್ವ್ ಸ್ಲೈಡರ್ (ನರ ಜಾರಾಡಿಸುವ ವ್ಯಾಯಾಮ).

ಅಷ್ಟರಲ್ಲಿ ಅವರೇ ಖುಷಿಯಿಂದ ಹೇಳಿದರು. "ನಿನ್ನೆಯಿಂದ ನೋವು ಎಷ್ಟೋ ವಾಸಿ ಮೇಡಂ. ಜೋಮು ಒಂದೇ ಉಳ್ಕೊಂಡಿರೋದು. ಈಗ ಬಲಗಾಲಿಗೂ ಸ್ವಲ್ಪ ಬಂದಿದೆ. ನೀವೊಂದು ಸಲ ನರ ಬಿಡಿಸಿದ್ರೆ ಮುಗೀತು."

ನನ್ನ ಕೈ ಅವರ ಪಾದದ ಮೇಲೇ ನಿಂತುಹೋಯಿತು. ನೋವು ಕಡಿಮೆ ಆಗುತ್ತಾ ಜೋಮು ಜಾಸ್ತಿ ಆಗುವುದು ಒಳ್ಳೆಯ ಸುದ್ದಿ ಅಲ್ಲ. ಅದೂ ಎರಡೂ ಕಾಲಿಗೆ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು ಇಳಿಯುತ್ತದೆ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಪಕ್ಕಕ್ಕೆ ಉಬ್ಬಿದರೆ ಒಂದು ಕಾಲಿನ ನರ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ದೊಡ್ಡದಾಗಿ ನುಗ್ಗಿದರೆ ಇಡೀ ಗೊಂಚಲೇ ಒತ್ತಿಹೋಗುತ್ತದೆ. ಅದರಲ್ಲಿ ಬೆನ್ನಿನ ಬುಡದ ಎಸ್2ರಿಂದ ಎಸ್4ರವರೆಗಿನ ನರಗಳು ಮೂತ್ರಕೋಶ, ಗುದದ್ವಾರ, ಲೈಂಗಿಕ ಶಕ್ತಿ ಇವನ್ನೆಲ್ಲ ನಡೆಸುವಂಥವು. ಈ ಗೊಂಚಲಿಗೂ, ಅದು ಒತ್ತಿಹೋಗುವ ತೊಂದರೆಗೂ ನಾವು ಹೇಳುವ ಹೆಸರು ಕಾಡಾ ಈಕ್ವಿನಾ. ಇಂಥ ಸೊಂಟವನ್ನು ತಿರುಗಿಸಿ ಲಟಕ್ ಅನ್ನಿಸಿದರೆ ಏನಾಗಬಹುದು ಅಂತ ಯೋಚಿಸಿಯೇ ಬೆವರು ಬಂತು.

ಶೀಟ್ ತೆರೆದು ನೋಡಿದೆ. ಮಲ, ಮೂತ್ರ ಎರಡರ ಮುಂದೆಯೂ 'ನಾರ್ಮಲ್' ಅಂತ ಟಿಕ್ ಇತ್ತು. ಯಾರೂ ಕೇಳಿ ಹಾಕಿದ್ದಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಅದು ತಾನೇ ಬಂದು ಕೂರುತ್ತದೆ. ಬದಲಾಯಿಸಬೇಕಾದರೆ ಮೂರು ಕಡೆ ಒತ್ತಬೇಕು. ಇಪ್ಪತ್ತು ನಿಮಿಷದ ಸ್ಲಾಟಿನಲ್ಲಿ ಯಾರಿಗೆ ಪುರುಸೊತ್ತಿದೆ?

"ಮೂತ್ರ ಮಾಡೋದ್ರಲ್ಲಿ ಏನಾದ್ರೂ ತೊಂದರೆ ಇದೆಯಾ?" ಅಂತ ಕೇಳಿದೆ. "ಇಲ್ಲ ಇಲ್ಲ, ಏನಿಲ್ಲ" ಅಂದರು, ಗೋಡೆ ಕಡೆ ನೋಡುತ್ತಾ. ಕರ್ಟನ್ನಿನ ಆಚೆ ಯಜಮಾನರು ಕೂತಿದ್ದಾರೆ, ಪಕ್ಕದ ಬೆಡ್ಡಿನಲ್ಲಿ ಯಾರೋ ಐಎಫ್‌ಟಿ (ನೋವಿಗೆ ಕೊಡುವ ಕರೆಂಟ್) ಹಾಕಿಸಿಕೊಂಡು ಮಲಗಿದ್ದಾರೆ, ಕೇಳುತ್ತಿರುವವಳು ನಾನು, ಹೆಂಗಸು. ಆ ಮನುಷ್ಯ ಹೇಗೆ ತಾನೇ ಹೌದು ಅನ್ನಬೇಕು?

ಅವರನ್ನು ನಿಧಾನಕ್ಕೆ ನಡೆಸಿಕೊಂಡು ಕೊನೆಯ ರೂಮಿಗೆ ಕರೆದೊಯ್ದೆ. ಹೆಂಡತಿಯನ್ನೂ ಒಳಗೆ ಕರೆದು ಬಾಗಿಲು ಹಾಕಿದೆ. ತೊಂದರೆ ಇದೆಯಾ ಅನ್ನುವುದನ್ನು ಬಿಟ್ಟು ಬಿಡಿಬಿಡಿಯಾಗಿ ಕೇಳಿದೆ. ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಹೋದ್ರಿ? ಹೋಗಬೇಕು ಅಂತ ಗೊತ್ತಾಗತ್ತಾ? ಧಾರೆ ಮೊದಲಿನ ಹಾಗೇ ಇದೆಯಾ, ಮುಕ್ಕಿ ಬರಿಸಬೇಕಾ? ತೊಳೆದುಕೊಳ್ಳುವಾಗ ನೀರು ತಣ್ಣಗೆ ತಾಗತ್ತಾ?

ಅವರು ಸುಮ್ನೆ ಕೂತರು. ಹೆಂಡತಿಯೇ ಹೇಳಿದರು. "ನಿನ್ನೆ ರಾತ್ರಿಯಿಂದ ಬಚ್ಚಲಿಗೆ ಹೋದ್ರೆ ನಿಂತೇ ಇರ್ತಾರೆ ಮೇಡಂ. ನಲ್ಲಿ ಬಿಟ್ಕೊಂಡು ನಿಲ್ತಾರೆ. ಕೇಳಿದ್ರೆ ಬೈತಾರೆ." ಆಮೇಲೆ ಅವರೂ ತಲೆ ತಗ್ಗಿಸಿ ಒಪ್ಪಿಕೊಂಡರು. ಕೂತರೆ ಕೆಳಗೆ ದಪ್ಪ ಬಟ್ಟೆ ಇಟ್ಟ ಹಾಗೆ ಅನ್ನಿಸುತ್ತಿತ್ತಂತೆ. ತೊಡೆಯ ಹಿಂಭಾಗದಲ್ಲಿ ಪಿನ್ ಮುಟ್ಟಿಸಿದೆ. ಎರಡೂ ಕಡೆ ಚೂಪು ಗೊತ್ತಾಗಲಿಲ್ಲ.

ಮುಂದಿನ ಹತ್ತು ನಿಮಿಷ ನಾನು ಸೋಲದೆ ನಿಂತದ್ದು ಆ ಹೆಂಗಸಿನ ಮುಖ ನೋಡಿ. ಯಜಮಾನರು ಒಳ್ಳೆಯವರೇ, ಆದರೆ ಅವರಿಗೆ ಕಾಣುತ್ತಿದ್ದದ್ದು ನೋವು ಕಡಿಮೆಯಾದ ಆಳು, ತೋಟದಲ್ಲಿ ಹಣ್ಣಾಗುತ್ತಿದ್ದ ಕೊನೆ. "ಇಷ್ಟು ದೂರ ಬಂದಿದ್ದೀವಿ, ಮೊದಲು ನೀವೊಂದು ಸಲ ಮಾಡಿ ನೋಡಿ, ಆಗದಿದ್ರೆ ನಾಳೆ ಆಸ್ಪತ್ರೆಗೆ" ಅಂದರು. ನಮ್ಮ ಮ್ಯಾನೇಜರ್ ಕೂಡ ಬಂದು, ಪ್ಯಾಕೇಜ್ ತೊಗೊಂಡಿದ್ದಾರೆ, ಲೈಟಾಗಿ ಏನಾದ್ರೂ ಮಾಡಿ ಕಳಿಸಿ ಅಂದರು. ಇವತ್ತು ಮುಟ್ಟುವುದಿಲ್ಲ ಅಂದೆ. ಇದು ನಾಳೆಗೆ ಕಾಯುವಂಥದ್ದಲ್ಲ, ಮೂತ್ರದ ಲಕ್ಷಣ ಶುರುವಾಗಿ 48 ಗಂಟೆ ದಾಟಿದ ಮೇಲೆ ಆಪರೇಷನ್ ಆದರೆ ಹಿಡಿತ ಪೂರ್ತಿ ವಾಪಸ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಕಾಯುವ ಪ್ರತಿ ಗಂಟೆಯೂ ಇವರದ್ದೇ ನಷ್ಟ ಅಂತ ಯಜಮಾನರಿಗೆ ಮುಖಕ್ಕೆ ಹೇಳಿದೆ. ನ್ಯೂರೋಸರ್ಜನ್ನಿಗೆ ಫೋನ್ ಮಾಡಿದರೆ ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದಾಗ 'ಸಯಾಟಿಕಾ ಪೇಷಂಟ್' ಅನ್ನುವ ಮಾತೇ ತೆಗೆಯಲಿಲ್ಲ. ಎರಡೂ ಕಾಲು, ಸ್ಯಾಡಲ್ ಭಾಗ (ಕೂತಾಗ ಒತ್ತುವ ಜಾಗ) ಜೋಮು, ರಾತ್ರಿಯಿಂದ ಮೂತ್ರ ಕಟ್ಟಿದೆ ಅಂತ ಒಂದೇ ಉಸಿರಿಗೆ ಹೇಳಿದೆ. ತಕ್ಷಣ ಕಳಿಸಿ ಅಂದರು.

ಎಂಆರ್‌ಐನಲ್ಲಿ ಎಲ್4-5ರ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ಮಧ್ಯದ ಡಿಸ್ಕ್ ನಡುವೆಯೇ ದೊಡ್ಡದಾಗಿ ಹೊರಬಂದಿತ್ತು. ಅವತ್ತು ರಾತ್ರಿಯೇ ಆಪರೇಷನ್ ಆಯಿತು.

ಇಷ್ಟು ಹೇಳಿದ ಮೇಲೆ ಕೈಚಿಕಿತ್ಸೆಯೇ ಬೇಡ ಅಂತ ಯಾರೂ ತಿಳಿಯಬಾರದು. ಇದು ನನ್ನ ಅನ್ನದ ಕೆಲಸ, ಇದರ ಮೇಲೆ ನನಗೆ ನಂಬಿಕೆಯಿದೆ. ಸಯಾಟಿಕಾದವರಲ್ಲಿ ಕಾಡಾ ಈಕ್ವಿನಾ ಆಗುವವರು ಬಹಳ ಅಪರೂಪ. ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ, ಆಪರೇಷನ್ ಇಲ್ಲದೆ ಇಳಿಯುತ್ತದೆ. ಆ ವಾರಗಳನ್ನು ದಾಟಿಸಲು ಕೈ ನಿಜವಾಗಿ ಸಹಾಯ ಮಾಡುತ್ತದೆ. ನನ್ನ ಅಂಗೈಗೆ ಎದುರಾಗಿ ಐದಾರು ಸೆಕೆಂಡ್ ಮೆಲ್ಲಗೆ ತಳ್ಳಿ, ಬಿಡಿ ಅಂದಾಗ ಬಿಗಿದ ಸ್ನಾಯು ಸಡಿಲ ಬಿಡುವುದು ಬೆರಳಿಗೇ ಗೊತ್ತಾಗುತ್ತದೆ. ಅವತ್ತು ರಾತ್ರಿ ಅವರು ನಿದ್ದೆ ಮಾಡುತ್ತಾರೆ, ಮಾರನೇ ದಿನ ನಡೆಯುತ್ತಾರೆ. ಆದರೆ ಹೊರಬಂದ ಡಿಸ್ಕನ್ನು ಯಾರ ಕೈಯೂ ಒಳಗೆ ತಳ್ಳುವುದಿಲ್ಲ. ಎಷ್ಟೋ ಸಲ ದೇಹವೇ ಅದನ್ನು ತಿಂಗಳುಗಳಲ್ಲಿ ಕರಗಿಸುತ್ತದೆ. ಲಟಕ್ ಅನ್ನುವ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದ್ದು, ನರ ಬಿಡಿಸಿಕೊಂಡದ್ದಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಕೊಡಿ ಅನ್ನುತ್ತದೆ. ಬರೀ ಮಲಗಿಸಿ ಒತ್ತಿ ಕಳಿಸುವ ಹತ್ತು ಸಿಟ್ಟಿಂಗಿಗೆ ಎಲ್ಲೂ ಆಧಾರ ಇಲ್ಲ, ಅದನ್ನು ಪರೀಕ್ಷೆ ಮಾಡುವ ಮೊದಲೇ ಮಾರುವುದಂತೂ ನನಗೆ ಒಪ್ಪಿಗೆಯೇ ಇಲ್ಲ.

ಜೂನಿಯರುಗಳಿಗೆ ಈಗ ಹೇಳುವುದು ಇಷ್ಟೇ. ಬಾಗಿಲು ಹಾಕಿ ಕೇಳಿ. ಮನೆಯವರನ್ನೂ ಕೇಳಿ. ಒಂದು ಸಲ 'ಇಲ್ಲ' ಅಂದರೆ ಅದನ್ನೇ ಬರೆದುಕೊಳ್ಳಬೇಡಿ. ಪ್ರತಿ ಸಿಟ್ಟಿಂಗಿನಲ್ಲೂ ಕೇಳಿ, ಯಾಕಂದರೆ ಸೋಮವಾರ ಇಲ್ಲದ್ದು ಗುರುವಾರ ಇರಬಹುದು. ಸಾಫ್ಟ್‌ವೇರಿನ ಆ ಟಿಕ್ ತೆಗೆಸಿ ಅಂತ ಮೀಟಿಂಗಿನಲ್ಲಿ ಕೇಳಿದ್ದೇನೆ. ವೆಂಡರಿಗೆ ಹೇಳಿದ್ದೇವೆ ಅನ್ನುತ್ತಾರೆ. ಅಲ್ಲಿಯ ತನಕ ಕಾಗದದಲ್ಲಿ ಬರೆಸುತ್ತಿದ್ದೇವೆ.

ಆ ಕೊನೆಗಾರರು ಸರ್ಜನ್ ಒಪ್ಪಿದ ಮೇಲೆ ವಾಪಸ್ ನನ್ನ ಹತ್ತಿರವೇ ಬಂದರು. ಮೂತ್ರದ ಹಿಡಿತ ನಿಧಾನಕ್ಕೆ ಬಂದಿದೆ. ಎಡಗಾಲಿನ ಹೆಬ್ಬೆರಳು ಇನ್ನೂ ಸೋತಿದೆ. ಸದ್ಯಕ್ಕೆ ಮರ ಹತ್ತುವ ಮಾತಿಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊಯ್ಯಬಹುದಾ ಅಂತ ಕೇಳಿದರು. ಯಜಮಾನರು ಕೊಡಿಸಲು ತಯಾರಿದ್ದಾರಂತೆ. ಆದರೆ ಅಷ್ಟುದ್ದದ ದೋಟಿಯನ್ನು ಕತ್ತು ಎತ್ತಿ ತಡೆದು ಹಿಡಿಯುವುದು ಸೊಂಟಕ್ಕೆ ಸಣ್ಣ ಭಾರವಲ್ಲ. ಹಾಗಾಗಿ ಕೈಚಿಕಿತ್ಸೆ ಮುಗಿದ ಮೇಲೆ ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ ಪಿವಿಸಿ ಪೈಪ್ ಹಿಡಿಸಿ, ಕಾಲು ಅಗಲಿಸಿ ನಿಲ್ಲುವುದು, ಸೊಂಟದ ಬದಲು ಪಾದ ತಿರುಗಿಸುವುದು ಅಭ್ಯಾಸ ಮಾಡಿಸುತ್ತಿದ್ದೇನೆ. ಮುಂದಿನ ವಾರದಿಂದ ಪೈಪಿನ ತುದಿಗೆ ಸ್ವಲ್ಪ ತೂಕ ಕಟ್ಟುತ್ತೇವೆ.