ಪೆಟ್ಟಿಗೆಯೊಳಗೆ ನೇತಾಡುವ ಮೋಟಾರು: ಗ್ರಾಮಫೋನ್ ಸಾಗಣೆ, ಮೂರನೇ ಸುತ್ತು

ಮೊದಲ ಓಟ ಫೇಲು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರಕ್ಕೆ ಬಂದಿಳಿದ ಹಾರ್ನ್ ಗ್ರಾಮಫೋನಿನ ಪೆಟ್ಟಿಗೆಗೆ ಹೊರಗೆ ಒಂದು ಗೀರೂ ಇಲ್ಲ. ಮೇಲಿನ ಹಲಗೆ ಎತ್ತಿ ನೋಡಿದರೆ, ಮೋಟಾರು ಹಿಡಿದಿದ್ದ ನಾಲ್ಕು ಸ್ಕ್ರೂಗಳಲ್ಲಿ ಒಂದು ಮರದ ಪುಡಿ ಸಮೇತ ಕಿತ್ತುಬಂದಿದೆ, ಪಕ್ಕದ್ದು ಅರ್ಧ ಸಡಿಲ. ಮೋಟಾರು ಒಂದು ಕಡೆಗೆ ವಾಲಿ ಗವರ್ನರಿನ (ವೇಗ ಹದದಲ್ಲಿಡುವ ಭಾಗ) ಗುಂಡು ಪೆಟ್ಟಿಗೆಯ ಗೋಡೆಗೆ ತಾಗುವುದೊಂದು ಬಾಕಿ.

ಹಾರ್ನ್, ಅದು ಕೂರುವ ಬಾಗಿದ ಕೊಳವೆ ಎಲ್ಬೋ, ಸೂಜಿ ಹಿಡಿಯುವ ಸೌಂಡ್‌ಬಾಕ್ಸ್, ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್, ಕೀ ಹಿಡಿಕೆ ಬಿಚ್ಚಿ ಬೇರೆಬೇರೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ಬಿಡೋಣ. ಸೌಂಡ್‌ಬಾಕ್ಸಿನ ಅಭ್ರಕದ ಬಿಲ್ಲೆಗೆ ಹತ್ತಿ ಹಾಕಿದ ಸ್ಟೀಲ್ ಟಿಫನ್ ಡಬ್ಬಿಗಿಂತ ಒಳ್ಳೆಯ ಮನೆ ಇನ್ನೂ ಸಿಕ್ಕಿಲ್ಲ. ಟರ್ನ್‌ಟೇಬಲ್ ತೆಗೆಯುವ ಮೊದಲೇ ಬ್ರೇಕ್ ಬಿಟ್ಟು, ತಾನಾಗಿ ನಿಲ್ಲುವವರೆಗೆ ತಿರುಗಿಸಿ ಸ್ಪ್ರಿಂಗ್ ಇಳಿಸಿ. ಕೀ ಕೊಟ್ಟ ಸ್ಪ್ರಿಂಗ್ ಇಟ್ಟುಕೊಂಡು ಹೊರಟ ಮೋಟಾರು ದಾರಿಯಲ್ಲಿ ಕಿತ್ತು, ಗವರ್ನರ್ ಹಲ್ಲಿನಿಂದ ಜಾರಿತೋ, ಅಷ್ಟೂ ಬಲ ಒಂದೇ ಸಲ ಬಿಚ್ಚಿಕೊಂಡು ಗೇರಿನ ಹಲ್ಲು ಉದುರಿಸುತ್ತದೆ.

ಈಗ ಅಸಲು ತಂಟೆಗೆ ಬರೋಣ. ಈ ಮಾಡೆಲಿನಲ್ಲಿ ಮೋಟಾರು ಪೆಟ್ಟಿಗೆಯ ತಳದಲ್ಲಿ ಕೂತಿಲ್ಲ, ಮೇಲಿನ ಹಲಗೆಗೆ ಕೆಳಗಿನಿಂದ ಮರದ ಸ್ಕ್ರೂ ಹಾಕಿ ತೂಗುಬಿಟ್ಟಿದೆ. ಎರಕದ ಚೌಕಟ್ಟು, ಸ್ಪ್ರಿಂಗ್ ಡಬ್ಬಿ ಸೇರಿ ತೂಕ 3.5 ಕೆಜಿ. ರೋಡ್ ಹಂಪಿನಲ್ಲಿ ಗಾಡಿ ಎಗರಿ 5 ಜಿ (ಗುರುತ್ವದ ಐದು ಪಟ್ಟು) ಹೊಡೆತ ಬಿತ್ತು ಎನ್ನಿ, ಸ್ಕ್ರೂಗಳ ಮೇಲೆ ಕ್ಷಣಕಾಲ 17.5 ಕೆಜಿಯ ಎಳೆತ. ದಶಕಗಟ್ಟಲೆ ಎಣ್ಣೆ ಕುಡಿದು ಮೆತ್ತಗಾದ ತೂತು ಅದನ್ನು ತಡೆಯುವುದೆಲ್ಲಿ? ಪೆಟ್ಟಿಗೆಯ ಹೊರಗೆ ಎಷ್ಟು ಫೋಮ್ ಸುತ್ತಿದರೂ ಒಳಗೆ ತೂಗಾಡುವ ಕಬ್ಬಿಣಕ್ಕೆ ಆಸರೆ ಸಿಗುವುದಿಲ್ಲ. ಫೋಮ್ ತೀರಾ ಮೆತ್ತಗಿದ್ದರಂತೂ ಪೆಟ್ಟಿಗೆಯೇ ಪುಟಿಯುತ್ತದೆ.

ಮೋಟಾರನ್ನೇ ಬಿಚ್ಚಿ ಬೇರೆ ಸಾಗಿಸಬಹುದು, ಸರಿ. ಆದರೆ ಬಿಚ್ಚಿ ಹಾಕಿದಷ್ಟು ಸಲ ಹಳೇ ತೂತು ಇನ್ನಷ್ಟು ಸವೆಯುತ್ತದೆ. ಹಾಗಾಗಿ ಕೆಳಗಿನಿಂದ ಆಸರೆ ಕೊಡುವ ದಾರಿ. ಮೋಟಾರಿನ ಅಡಿಗೂ ಪೆಟ್ಟಿಗೆಯ ತಳಕ್ಕೂ ನಡುವೆ 72 ಮಿ.ಮೀ. ಇದೆ. 25 ಮಿ.ಮೀ. ದಪ್ಪದ ಇಪಿಇ (ಪ್ಯಾಕಿಂಗಿಗೆ ಬಳಸುವ ಪ್ಲಾಸ್ಟಿಕ್) ಫೋಮ್ ಮೂರು ಪದರ ಎಂದರೆ 75, ಮೂರು ಮಿ.ಮೀ. ಅದುಮಿಕೊಂಡು ಕೂರಬೇಕು. ಲೆಕ್ಕ ಚೊಕ್ಕವಾಗಿಯೇ ಇತ್ತು.

ಎರಡನೇ ಓಟವೂ ಫೇಲು. ಅಂಗಡಿಯವರು 25 ಎಂದು ಕೊಟ್ಟ ಶೀಟನ್ನು ಕ್ಯಾಲಿಪರಿನಲ್ಲಿ ಹಿಡಿದರೆ 21! ಮೂರು ಪದರಕ್ಕೆ 63, ಮೇಲೆ 9 ಮಿ.ಮೀ. ಖಾಲಿ. ಆಸರೆ ಆಗಬೇಕಿದ್ದ ದಿಂಡು ಪೆಟ್ಟಿಗೆಯೊಳಗೆ ಫುಟ್ಬಾಲ್ ಆಡಿದೆ. ಕೇಳಿದರೆ ಬಂದ ಉತ್ತರ: ‘ಫೋಮ್ ಅಲ್ವಾ ಸಾರ್, ಸ್ವಲ್ಪ ಉಸಿರು ಬಿಡುತ್ತೆ.’ ದುಡ್ಡು ಮಾತ್ರ ಉಸಿರು ಬಿಡದ ಅಳತೆಗೇ ತೆಗೆದುಕೊಂಡಿದ್ದಾರೆ.

ತಳಕ್ಕೆ 6 ಮಿ.ಮೀ. ಪ್ಲೈವುಡ್ ಎರಡು ತುಂಡು ಸೇರಿಸಿದ ಮೇಲೆ 75 ಕೂಡಿತು. ಆಸರೆ ಸ್ಪ್ರಿಂಗ್ ಡಬ್ಬಿಯ ಕೆಳಗಿನ ಚೌಕಟ್ಟಿಗೆ ಮಾತ್ರ. ಗವರ್ನರಿನ ಕಡೆ ಫೋಮನ್ನು 40 ಮಿ.ಮೀ. ಅಗಲಕ್ಕೆ ಕಚ್ಚುಹಾಕಿ ಕತ್ತರಿಸಬೇಕು. ಆ ಗುಂಡುಗಳನ್ನು ಹಿಡಿದ ತೆಳು ಪಟ್ಟಿ ಸ್ವಲ್ಪ ಬಾಗಿದರೂ ಆಮೇಲೆ ಹಾಡು ಅಳುತ್ತದೆ. ಗ್ರೀಸ್ ಫೋಮಿಗೆ ಅಂಟದಂತೆ ನಡುವೆ ಬಟರ್ ಪೇಪರ್.

ಕಿತ್ತ ತೂತಿಗೆ ಬೆಂಕಿಕಡ್ಡಿ ತುರುಕಿ ಫೆವಿಕಾಲ್ ಸುರಿಯುವ ಚಾಳಿ ಬಿಡಬೇಕು. 18 ಮಿ.ಮೀ. ಹಲಗೆಯಲ್ಲಿ 13ರಷ್ಟೇ ಆಳಕ್ಕೆ ಕೊರೆದು ತೇಗದ ಬೆಣೆ ಕೂರಿಸಿದ್ದಾಯಿತು. ಬೆಣೆಯ ಮರದ ಎಳೆ ಸ್ಕ್ರೂವಿಗೆ ಅಡ್ಡವಾಗಿರಲಿ. ಅಂಗಡಿಯ ಉದ್ದ ಗೂಟ ತುಂಡು ಮಾಡಿ ಹಾಕಿದರೆ ಎಳೆ ಸ್ಕ್ರೂವಿನ ಗುಂಟವೇ ಓಡುತ್ತದೆ, ಹಿಡಿತ ಕಡಿಮೆಯಾದಂತೆ.

ಹೊರಕವಚಕ್ಕೆ ಕೋಲಾರದ ಟೊಮೆಟೊ ಕ್ರೇಟು. ನಗಬೇಡಿ, ಒಂದರ ಮೇಲೊಂದು ಪೇರಿಸಿದರೂ ಜಗ್ಗದ ಮಾಲು ಅದು. ಪೆಟ್ಟಿಗೆಗೆ ಮೊದಲು ಹಳೇ ಪಂಚೆ ಸುತ್ತಿ, ಆಮೇಲೆ ಬಬಲ್ ರ‍್ಯಾಪ್. ನೇರ ಸುತ್ತಿದರೆ ಸೆಕೆಗೆ ಅರಗಿನ ಪಾಲಿಶ್ ಮೇಲೆ ಗುಳ್ಳೆಯ ಅಚ್ಚು ಮೂಡುತ್ತದೆ. ಖಾಲಿ ಟಾಟಾ ಏಸ್ ಬೇಡ: ಅದರ ಪಟ್ಟಿ ಸ್ಪ್ರಿಂಗ್ ಇರುವುದು ಲೋಡಿಗೆ, ಹತ್ತು ಕೆಜಿಗೆ ಕುಣಿಯುತ್ತದೆ. ಕಾರಿನ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗವೇ ಸರಿ. 78ರ (ನಿಮಿಷಕ್ಕೆ 78 ಸುತ್ತಿನ) ರೆಕಾರ್ಡುಗಳೂ ಅರಗಿನವೇ. ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಟೀಗೆಂದು ಕಾರನ್ನು ಬಿಸಿಲಿನಲ್ಲಿ ಬಿಟ್ಟಿರೋ, ಅರಗಿನ ಮನೆಗೆ ಕಿಚ್ಚಿಟ್ಟಂತೆಯೇ.

ಅಂದಹಾಗೆ ಮುಂದಿನ ಸರದಿ ಎಡಿಸನ್ ಸ್ಟ್ಯಾಂಡರ್ಡ್, ತಟ್ಟೆಯ ಬದಲು ಉರುಳೆ ನುಡಿಸುವ ಸಿಲಿಂಡರ್ ಯಂತ್ರ. ಅದರ ಮುಚ್ಚಳದ ಮೇಲೊಂದು ಚೆಂದದ ಹಿಡಿ ಇದೆ, ಅದೇ ಉರುಲು. ಹಿಡಿ ಹಿಡಿದು ಎತ್ತಿದಾಗ ಪಕ್ಕದ ಹಳೇ ಚಿಲಕ ಜಾರಿದರೆ ಕೈಯಲ್ಲಿ ಮುಚ್ಚಳ, ಕಾಲ ಮೇಲೆ ಯಂತ್ರ. ತಳಕ್ಕೆ ಕೈಕೊಟ್ಟೇ ಎತ್ತಬೇಕು. ಮೇಣದ ಸಿಲಿಂಡರುಗಳಿಗೆ ಬೇರೆ ಪೆಟ್ಟಿಗೆಯ ನಕ್ಷೆ ಅರ್ಧ ಆಗಿದೆ.

ಮೂರನೇ ಓಟಕ್ಕೆ ಮೊದಲು ನಾಲ್ಕೂ ಸ್ಕ್ರೂಗಳ ತಲೆಯಿಂದ ಚೌಕಟ್ಟಿನವರೆಗೆ ಕೆಂಪು ನೇಲ್ ಪಾಲಿಶಿನ ಗೆರೆ ಎಳೆದಿತ್ತು. ಅದೇ ದಾರಿ, ಅದೇ ಹಂಪುಗಳು. ಚಿಕ್ಕಬಳ್ಳಾಪುರದಲ್ಲಿ ಹಲಗೆ ಎತ್ತಿದಾಗ ಮೂರು ಗೆರೆ ನೆಟ್ಟಗಿವೆ. ನಾಲ್ಕನೆಯದು, ಹಳೇ ತೂತಿನಲ್ಲೇ ಉಳಿಸಿದ್ದ ಗವರ್ನರ್ ಪಕ್ಕದ್ದು, ಕೂದಲೆಳೆಯಷ್ಟು ತಿರುಗಿದೆ. ಅದಕ್ಕೂ ಬೆಣೆ ಬೀಳಲಿದೆ.